ಗೀಸರ್ ಕಾಯಿಲ್ ನಿಜಕ್ಕೂ ಹೋಗಿದೆಯಾ? 226 ವೋಲ್ಟ್, 7.6 ಆಂಪ್, ಲೆಕ್ಕ ಮಾತ್ರ ಕೂಡುತ್ತಿಲ್ಲ

ತೋಟದಮನೆ · ಶನಿವಾರ, ಬೆಳಿಗ್ಗೆ 8:10

ಎಲ್ಲರಿಗೂ ನಮಸ್ಕಾರ. ಸಾಗರದ ಹತ್ತಿರ ಒಂದು ಹಳ್ಳಿ ನಮ್ಮದು. ಶಿವಮೊಗ್ಗದ ಬಾಡಿಗೆ ಮನೆ ಬಿಟ್ಟು ಊರಿಗೆ ಬಂದಾಗ 25 ಲೀಟರ್ ಗೀಸರನ್ನೂ ಹೊತ್ತು ತಂದೆವು. 2000 ವ್ಯಾಟ್, 230 ವೋಲ್ಟ್ ಅಂತ ಅದರ ಮೈಮೇಲೆ ಬರೆದಿದೆ. ಅಲ್ಲಿ ಅರ್ಧ ಗಂಟೆಗೆ ನೀರು ಕಾಯುತ್ತಿತ್ತು. ಇಲ್ಲಿ ನಲವತ್ತು ನಿಮಿಷ ಬೇಕು. ಬಚ್ಚಲುಮನೆ ಹಿಂದುಗಡೆ, ಕೊಟ್ಟಿಗೆ ಪಕ್ಕ ಇದೆ. ಅಮ್ಮ ದಿನಾ ಬೆಳಿಗ್ಗೆ "ಹಂಡೆ ಒಲೆ ಸಾಕಾಗಿತ್ತು" ಅಂತ ಒಂದು ಮಾತು ಸೇರಿಸುತ್ತಾರೆ.

ಒಬ್ಬ ವೈರ್‌ಮನ್ ಬಂದು ಗೀಸರ್ ಮುಟ್ಟಿ ನೋಡಿದರು. "ಕಾಯಿಲ್ ವೀಕಾಗಿದೆ, ಬದಲಾಯಿಸಬೇಕು" ಅಂದರು. ಮೀಟರ್ ಇಟ್ಟು ಏನೂ ನೋಡಲಿಲ್ಲ. ನನಗೆ ಅನುಮಾನ ಬಂದು ನೆಂಟರ ಮನೆಯಿಂದ ಕ್ಲ್ಯಾಂಪ್ ಮೀಟರ್ ತಂದೆ. ಗೀಸರ್ ವೈರನ್ನು ಅದರ ಬಾಯಿಗೆ ಹಾಕಿದರೆ ಸೊನ್ನೆ ತೋರಿಸುತ್ತದೆ! ನೀರು ಕಾಯುತ್ತಿದೆ, ಕರೆಂಟು ಸೊನ್ನೆ. ಇದೇನು ಮಾಯೆ?

ಹಳೇ_ವೈರ್‌ಮನ್ · ಶನಿವಾರ, ಬೆಳಿಗ್ಗೆ 8:32

ಮಾಯೆ ಏನಿಲ್ಲ. ಇಡೀ ವೈರನ್ನೇ ಕ್ಲ್ಯಾಂಪ್ ಒಳಗೆ ಹಾಕಿದ್ದೀರಿ. ಒಳಗೆ ಫೇಸ್‌ನಲ್ಲಿ ಹೋದ ಕರೆಂಟು ನ್ಯೂಟ್ರಲ್‌ನಲ್ಲಿ ವಾಪಸ್ ಬರುತ್ತದೆ. ಎರಡೂ ಒಟ್ಟಿಗೆ ಬಾಯೊಳಗೆ ಇದ್ದರೆ ಒಂದನ್ನೊಂದು ಅಳಿಸಿಹಾಕುತ್ತವೆ. ಒಂದೇ ವೈರ್ ಹಿಡಿಯಬೇಕು.

ಗೀಸರ್ ವೈರ್ ಸಿಪ್ಪೆ ಸುಲಿಯಲು ಹೋಗಬೇಡಿ. ಮೇನ್ ಬೋರ್ಡಿನ ಹತ್ತಿರ ಫೇಸ್ ವೈರ್ ಬೇರೆಯಾಗಿ ಸಿಗುತ್ತದೆಯಲ್ಲ, ಅಲ್ಲಿ ಹಿಡಿಯಿರಿ. ಮನೆಯ ಉಳಿದದ್ದೆಲ್ಲ ಆಫ್ ಮಾಡಿ, ಫ್ರಿಜ್ ಮರೆಯಬೇಡಿ. ಗೀಸರ್ ಒಂದೇ ಆನ್. ಆಗ ಮೇನ್‌ನಲ್ಲಿ ಎಷ್ಟು ಆಂಪ್ ಹೋಗುತ್ತದೋ ಅಷ್ಟೇ ಬಚ್ಚಲಲ್ಲೂ ಹೋಗುತ್ತದೆ. ದಾರಿ ಉದ್ದ ಇದ್ದ ಮಾತ್ರಕ್ಕೆ ಕರೆಂಟು ನಡುವೆ ಸೋರಿ ಹೋಗುವುದಿಲ್ಲ.

ಇನ್ನೊಂದು ಮಾತು. ಮಲ್ಟಿಮೀಟರ್ ಇದ್ದರೆ ಕೆಂಪು ಕಡ್ಡಿ ಯಾವ ತೂತಿನಲ್ಲಿದೆ ಅಂತ ಎರಡು ಸಲ ನೋಡಿ. ಆಂಪ್ ತೂತಿನಲ್ಲಿ ಇಟ್ಟುಕೊಂಡೇ ಸಾಕೆಟ್‌ಗೆ ಚುಚ್ಚಿದರೆ ನೇರ ಶಾರ್ಟ್. ಹಾಗೆ ಕೈ ಸುಟ್ಟುಕೊಂಡವರನ್ನು ನಾನೇ ನೋಡಿದ್ದೇನೆ.

ತೋಟದಮನೆ · ಶನಿವಾರ, ಬೆಳಿಗ್ಗೆ 10:05

ಧನ್ಯವಾದ ಸರ್. ಈಗ ಸಿಕ್ಕಿತು, 7.6 ಆಂಪ್. ಬಚ್ಚಲ ಸ್ವಿಚ್ ಬೋರ್ಡಿನಲ್ಲಿ ವೋಲ್ಟೇಜ್ 226.

ಹತ್ತನೇ ಕ್ಲಾಸಿನ ಲೆಕ್ಕ ನೆನಪು ಮಾಡಿಕೊಂಡೆ. ವೋಲ್ಟ್ ಭಾಗಿಸು ಆಂಪ್ ಅಂದರೆ ಓಮ್, ಅಂದರೆ ಕರೆಂಟಿಗೆ ಕಾಯಿಲ್ ಒಡ್ಡುವ ತಡೆ (ರೋಧ). 226 ÷ 7.6 = 29.7 ಓಮ್. ಪವರ್ 226 × 7.6 = 1718 ವ್ಯಾಟ್.

2000 ವ್ಯಾಟ್ ಗೀಸರ್‌ಗೆ ಎಷ್ಟು ಓಮ್ ಇರಬೇಕು ಅಂತ ಹುಡುಕಿದರೆ 26 ಚಿಲ್ಲರೆ ಅಂತಾರೆ. ನನ್ನದು ಸುಮಾರು 30. ಹಾಗಾದರೆ ವೈರ್‌ಮನ್ ಹೇಳಿದ್ದೇ ಸರಿ ಅಲ್ವಾ? ಕಾಯಿಲ್ ಸವೆದು ರೋಧ ಏರಿದೆ?

ಸುಮ್ನೆ_ಓದುವವ · ಶನಿವಾರ, ಬೆಳಿಗ್ಗೆ 10:21

ನಾನು ಬೇರೆ ದಾರಿಯಲ್ಲಿ ಮಾಡಿದೆ. ಪವರ್ ಅಂದರೆ ಕರೆಂಟಿನ ವರ್ಗ ಗುಣಿಸು ರೋಧ. 2000 ÷ (7.6 × 7.6) = 34.6 ಓಮ್ ಬಂತು. 2000 ÷ 7.6 ಮಾಡಿದರೆ 263 ವೋಲ್ಟ್! ನಿಮ್ಮ ಮೀಟರೇ ಕೆಟ್ಟಿದೆ.

ಪಿಯು_ಮೇಷ್ಟ್ರು · ಶನಿವಾರ, ಬೆಳಿಗ್ಗೆ 11:40

ಒಂದು ಗೀಸರ್‌ಗೆ ಮೂರು ಉತ್ತರ ಬಂದಾಯಿತು. ಇನ್ನೂ ಮಧ್ಯಾಹ್ನ ಆಗಿಲ್ಲ.

ಮೊದಲು ಆ 26 ಎಲ್ಲಿಂದ ಬಂತು ನೋಡೋಣ. ವೋಲ್ಟೇಜಿನ ವರ್ಗವನ್ನು ಪವರಿನಿಂದ ಭಾಗಿಸಿದರೆ ರೋಧ. 230 × 230 = 52,900. ಅದನ್ನು 2000ದಿಂದ ಭಾಗಿಸಿದರೆ 26.45 ಓಮ್. ಇದು ಗೀಸರಿನ ಹುಟ್ಟುಗುಣ. ಹೆಚ್ಚುಕಡಿಮೆ ಬದಲಾಗದೆ ಉಳಿಯುವುದು ಇದೊಂದೇ. 2000 ವ್ಯಾಟ್ ಅನ್ನುವುದು ಬದಲಾಗುತ್ತದೆ. ಅದು 230 ವೋಲ್ಟ್ ಕೊಟ್ಟಾಗ ಮಾತ್ರ ಸತ್ಯ.

ಸುಮ್ನೆ ಓದುವವರೇ, ನೀವು ಎಡವಿದ್ದು ಇಲ್ಲೇ. ಪೆಟ್ಟಿಗೆ ಮೇಲೆ ಬರೆದ 2000ವನ್ನೂ, ಈಗ ಅಳೆದ 7.6ನ್ನೂ ಒಂದೇ ಲೆಕ್ಕಕ್ಕೆ ಹಾಕಿದಿರಿ. ಒಂದು ಕಾರ್ಖಾನೆಯ ಮಾತು, ಇನ್ನೊಂದು ನಿಮ್ಮ ಮನೆಯ ಮಾತು. ಜಾತಕ ಒಬ್ಬರದು, ಕೈರೇಖೆ ಇನ್ನೊಬ್ಬರದು ಹಿಡಿದು ಕೂತ ಹಾಗೆ.

ಈಗ ತೋಟದಮನೆ ಅವರಿಗೆ ಒಂದೇ ಪ್ರಶ್ನೆ. 226 ವೋಲ್ಟ್ ಅಳೆದಾಗ ಗೀಸರ್ ಆನ್ ಇತ್ತಾ, ಆಫ್ ಇತ್ತಾ?

ತೋಟದಮನೆ · ಶನಿವಾರ, ಮಧ್ಯಾಹ್ನ 12:02

ಆಫ್ ಇತ್ತು ಸರ್. ಮೊದಲು ವೋಲ್ಟೇಜ್ ನೋಡಿಕೊಂಡು, ಆಮೇಲೆ ಆನ್ ಮಾಡಿ ಮೇನ್ ಹತ್ತಿರ ಓಡಿದೆ.

ಪಿಯು_ಮೇಷ್ಟ್ರು · ಶನಿವಾರ, ಮಧ್ಯಾಹ್ನ 12:15

ಅಲ್ಲಿಗೆ ಕಳ್ಳ ಸಿಕ್ಕ. ಎರಡೂ ಅಳತೆ ಒಂದೇ ಹೊತ್ತಿನದಾಗಿರಬೇಕು, ಒಂದೇ ವಸ್ತುವಿನದಾಗಿರಬೇಕು. ಗೀಸರ್ ಎಳೆಯುತ್ತಿರುವಾಗ ಅದರ ಬುಡದಲ್ಲಿ ಎಷ್ಟು ವೋಲ್ಟ್ ಉಳಿದಿದೆಯೋ ಅದು ಬೇಕು. ಕೊಳವೆ ಮುಚ್ಚಿದ್ದಾಗ ಒತ್ತಡ ನೋಡಿ, ತೆರೆದಾಗ ಬರುವ ನೀರು ಅಳೆದು ಎರಡನ್ನೂ ಭಾಗಿಸಿದರೆ ಅರ್ಥ ಇಲ್ಲ.

ಅಂದಹಾಗೆ ಈ ಕಾಟ ಖುದ್ದು ಓಮ್‌ನಿಗೂ ಇತ್ತು. ಗೇಯೋರ್ಗ್ ಓಮ್ ಜರ್ಮನಿಯ ಕಲೋನ್‌ನಲ್ಲಿ ಶಾಲಾ ಮೇಷ್ಟ್ರಾಗಿದ್ದವನು. ಆಗಿನ ಬ್ಯಾಟರಿಗಳಿಂದ ಕರೆಂಟು ಎಳೆದ ಕೂಡಲೇ ವೋಲ್ಟೇಜ್ ಕುಸಿಯುತ್ತಿತ್ತು. ಅಳತೆ ಒಂದಕ್ಕೊಂದು ಹೊಂದುತ್ತಿರಲಿಲ್ಲ. ಕೊನೆಗೆ ಬ್ಯಾಟರಿ ಬಿಟ್ಟು, ತಾಮ್ರ ಮತ್ತು ಬಿಸ್ಮತ್ ಬೆಸೆದ ಜೋಡಿ ತೆಗೆದುಕೊಂಡ. ಒಂದು ತುದಿ ಕುದಿಯುವ ನೀರಿನಲ್ಲಿ, ಇನ್ನೊಂದು ಮಂಜುಗಡ್ಡೆಯಲ್ಲಿ. ಅದರಿಂದ ಬರುವ ಚೂರೇ ಚೂರು ವೋಲ್ಟೇಜ್ ಅಲ್ಲಾಡದೆ ನಿಂತಿತು. 1827ರಲ್ಲಿ ಪುಸ್ತಕ ಬಂತು. ನಾವು ಇವತ್ತು ಒಂದು ಸಾಲಿನಲ್ಲಿ ಬಾಯಿಪಾಠ ಹೇಳುವುದು ಅದನ್ನೇ.

ಹಳೇ_ವೈರ್‌ಮನ್ · ಶನಿವಾರ, ಮಧ್ಯಾಹ್ನ 12:30

ಬಚ್ಚಲ ಬೋರ್ಡಿನಲ್ಲಿ ಪವರ್ ಪ್ಲಗ್ ಪಕ್ಕ ಚಿಕ್ಕ 5 ಆಂಪ್ ಸಾಕೆಟ್ ಇದೆಯಾ? ಇದ್ದರೆ ಗೀಸರ್ ಓಡುವಾಗ ಅದರಲ್ಲಿ ವೋಲ್ಟೇಜ್ ನೋಡಿ. ಎರಡಕ್ಕೂ ಬರುವ ವೈರ್ ಒಂದೇ. ಕೈ, ಕಾಲು, ನೆಲ ಒಣಗಿರಲಿ. ಚಪ್ಪಲಿ ಹಾಕಿಕೊಳ್ಳಿ. ಆಮೇಲೆ ಮೇನ್ ಹತ್ತಿರವೂ ಒಂದು ಸಲ, ಗೀಸರ್ ಓಡುವಾಗಲೇ ನೋಡಿ.

ತೋಟದಮನೆ · ಶನಿವಾರ, ಸಂಜೆ 5:45

ಇದೋ ಹೊಸ ಲೆಕ್ಕ. ಗೀಸರ್ ಆನ್ ಇದ್ದಾಗ,
ಬಚ್ಚಲ ಬೋರ್ಡಿನಲ್ಲಿ 204 ವೋಲ್ಟ್
ಮೇನ್ ಹತ್ತಿರ 219 ವೋಲ್ಟ್
ಕರೆಂಟು ಅದೇ 7.6 ಆಂಪ್
ಆಫ್ ಮಾಡಿದರೆ ಎರಡೂ ಕಡೆ 226.

204 ÷ 7.6 = 26.8 ಓಮ್. ಅಯ್ಯೋ, ಕಾಯಿಲ್ ಚೆನ್ನಾಗೇ ಇದೆಯಲ್ಲ! ಪವರ್ 204 × 7.6 = 1550 ವ್ಯಾಟ್. ಅದಕ್ಕೇ ನಿಧಾನ.

ಪಿಯು_ಮೇಷ್ಟ್ರು · ಶನಿವಾರ, ಸಂಜೆ 6:20

ಸರಿಯಾಯಿತು. ಹೊತ್ತಿನ ಲೆಕ್ಕವನ್ನೂ ತಾಳೆ ನೋಡಿ. 25 ಲೀಟರ್ ನೀರು 22 ಡಿಗ್ರಿಯಿಂದ 55ಕ್ಕೆ ಏರಬೇಕು ಅಂತ ಇಟ್ಟುಕೊಳ್ಳಿ. ಒಂದು ಲೀಟರ್ ಒಂದು ಡಿಗ್ರಿ ಏರಲು 4186 ಜೂಲ್. 25 × 33 × 4186 ಅಂದರೆ ಸುಮಾರು 34 ಲಕ್ಷದ 53 ಸಾವಿರ ಜೂಲ್. 2000 ವ್ಯಾಟ್ ಅಂದರೆ ಸೆಕೆಂಡಿಗೆ 2000 ಜೂಲ್, ಹಾಗಾಗಿ 29 ನಿಮಿಷ. 1550 ವ್ಯಾಟ್‌ನಲ್ಲಿ 37 ನಿಮಿಷ. ಟ್ಯಾಂಕಿನ ಮೈಯಿಂದ ಸೋರುವ ಬಿಸಿ ಸೇರಿಸಿದರೆ ನಿಮ್ಮ ಅಮ್ಮನ ಗಡಿಯಾರ ಸರಿಯಾಗೇ ಇದೆ.

ಇಲ್ಲೊಂದು ಗಮನಿಸಿ. ವೋಲ್ಟೇಜ್ 230ರಿಂದ 204ಕ್ಕೆ ಇಳಿದದ್ದು ನೂರಕ್ಕೆ 11ರಷ್ಟು. ಪವರ್ ಇಳಿದದ್ದು ನೂರಕ್ಕೆ 22ರಷ್ಟು. ವೋಲ್ಟೇಜ್ ಇಳಿದರೆ ಕರೆಂಟೂ ಇಳಿಯುತ್ತದೆ, ಏಟು ಎರಡು ಸಲ ಬೀಳುತ್ತದೆ. ವರ್ಗ ಅನ್ನುವುದು ಬರುವುದು ಅಲ್ಲಿಂದ.

ಸುಮ್ನೆ_ಓದುವವ · ಶನಿವಾರ, ಸಂಜೆ 6:41

ಕಾಯಿಲ್ ಮೇಲೆ ಉಪ್ಪು ಕಟ್ಟಿದ್ದರೆ? ನಮ್ಮ ಕೋಲಾರದ ಕಡೆ ಬೋರ್ ನೀರಿಗೆ ವರ್ಷಕ್ಕೊಂದು ಕಾಯಿಲ್ ಹೋಗುತ್ತದೆ.

ಹಳೇ_ವೈರ್‌ಮನ್ · ಶನಿವಾರ, ಸಂಜೆ 7:05

ಉಪ್ಪು ಕಟ್ಟಿದರೆ ಒಳಗಿನ ತಂತಿ ಜಾಸ್ತಿ ಕಾದು ಸುಟ್ಟು ಹೋಗುತ್ತದೆ. ಆದರೆ ಸುಡುವವರೆಗೆ ಅಷ್ಟೇ ಕರೆಂಟು ಎಳೆಯುತ್ತಿರುತ್ತದೆ. ನನ್ನ ಅನುಭವದಲ್ಲಿ ಕಾಯಿಲ್ ಕೆಡುವುದು ಎರಡೇ ತರ. ಒಂದೋ ಕಟ್ಟಾಗಿ ಸುಮ್ಮನಾಗುತ್ತದೆ, ಇಲ್ಲವೋ ಮೈಗೆ ಕರೆಂಟು ಬಿಡುತ್ತದೆ. "ವೀಕಾಗಿದೆ" ಅನ್ನುವುದು ಅಂಗಡಿ ಮಾತು.

ತೋಟದಮನೆ · ಭಾನುವಾರ, ಬೆಳಿಗ್ಗೆ 7:30

ಸರ್, ರಾತ್ರಿಯೆಲ್ಲ ತಲೆಯಲ್ಲಿ ಇದೇ. 226 ಇದ್ದದ್ದು 204 ಆಯಿತು. 22 ವೋಲ್ಟ್ ಎಲ್ಲಿ ಹೋಯಿತು?

ಪಿಯು_ಮೇಷ್ಟ್ರು · ಭಾನುವಾರ, ಬೆಳಿಗ್ಗೆ 8:50

ಇದೇ ನಿಜವಾದ ಪ್ರಶ್ನೆ. ಇದಕ್ಕೂ ಅದೇ ಸೂತ್ರ ಸಾಕು. ಕಡ್ಡಿ ಇಡುವ ಜಾಗ ಬದಲಾಯಿಸಿದರೆ ಆಯಿತು.

ಮೇನ್‌ವರೆಗೆ ಬರುವಷ್ಟರಲ್ಲೇ 7 ವೋಲ್ಟ್ ಹೋಗಿದೆ (226ರಿಂದ 219). 7 ÷ 7.6 = 0.92 ಓಮ್. ಇದು ಕಂಬದಿಂದ, ಟಿಸಿಯಿಂದ (ಊರಿನ ಟ್ರಾನ್ಸ್‌ಫಾರ್ಮರ್) ನಿಮ್ಮ ಮನೆವರೆಗಿನ ತಂತಿಯ ರೋಧ. ಹಳ್ಳಿ ಲೈನಿಗೆ ಅಷ್ಟು ಇರುತ್ತದೆ, ಬಿಡಿ.

ಮೇನ್‌ನಿಂದ ಬಚ್ಚಲಿಗೆ 15 ವೋಲ್ಟ್. 15 ÷ 7.6 = 1.97 ಓಮ್. ಪವರ್ 15 × 7.6 = 114 ವ್ಯಾಟ್. ಅಂದರೆ ನಿಮ್ಮ ಗೋಡೆ, ಅಟ್ಟದೊಳಗೆ 114 ವ್ಯಾಟ್‌ನ ಒಂದು ಹೀಟರ್ ಉರಿಯುತ್ತಿದೆ. ಯಾರೂ ಸ್ವಿಚ್ ಹಾಕಿದ್ದಲ್ಲ.

ವೈರ್ ಎಷ್ಟು ದಪ್ಪ, ಎಷ್ಟು ಉದ್ದ ಹೇಳಿ.

ತೋಟದಮನೆ · ಭಾನುವಾರ, ಬೆಳಿಗ್ಗೆ 9:25

ವೈರಿನ ಮೈಮೇಲೆ 1 ಸ್ಕ್ವೇರ್ ಎಂಎಂ ಅಂತಿದೆ. ತಾಮ್ರದ್ದು. ಹೆಜ್ಜೆ ಹಾಕಿ ಅಳೆದೆ, ಅಟ್ಟದ ಮೇಲಿಂದ ಸುತ್ತಿ ಬಂದು ಸುಮಾರು 38 ಮೀಟರ್.

ಹಳೇ_ವೈರ್‌ಮನ್ · ಭಾನುವಾರ, ಬೆಳಿಗ್ಗೆ 9:31

ಲೈಟಿಗೆ ಹಾಕುವ ವೈರಿನಲ್ಲಿ ಗೀಸರ್ ಓಡಿಸುತ್ತಿದ್ದೀರಲ್ಲ ಸ್ವಾಮಿ!

ಪಿಯು_ಮೇಷ್ಟ್ರು · ಭಾನುವಾರ, ಬೆಳಿಗ್ಗೆ 10:10

1 ಸ್ಕ್ವೇರ್ ಎಂಎಂ ತಾಮ್ರ ಮೀಟರಿಗೆ ಸುಮಾರು 0.017 ಓಮ್. ಹೋಗಿ ಬರುವ ದಾರಿ ಸೇರಿ 76 ಮೀಟರ್. ಗುಣಿಸಿದರೆ 1.3 ಓಮ್. ಇಷ್ಟರಿಂದ ಬೀಳುವುದು 10 ವೋಲ್ಟ್. ಬಿದ್ದಿರುವುದು 15. ಉಳಿದ 5 ವೋಲ್ಟ್ ವೈರಿನ ಲೆಕ್ಕಕ್ಕೆ ಸಿಗುತ್ತಿಲ್ಲ. ದಾರಿಯಲ್ಲಿ ಎಲ್ಲೋ ಕೆಟ್ಟ ಜಾಯಿಂಟು ಇದೆ. 5 × 7.6 = 38 ವ್ಯಾಟ್.

76 ಮೀಟರ್ ಉದ್ದಕ್ಕೆ 76 ವ್ಯಾಟ್ ಹರಡಿದರೆ ಮೀಟರಿಗೆ ಒಂದು ವ್ಯಾಟ್. ವೈರ್ ಬೆಚ್ಚಗಾಗುತ್ತದೆ, ಅಷ್ಟೇ. ಆದರೆ 38 ವ್ಯಾಟ್ ಒಂದು ಬೆರಳ ತುದಿಯಷ್ಟು ಜಾಗದಲ್ಲಿ! ರೇಡಿಯೋ ರಿಪೇರಿಯವರ ಸಾಲ್ಡರಿಂಗ್ ಐರನ್ 25 ವ್ಯಾಟ್ ಇರುತ್ತದೆ, ಅದು ಸೀಸ ಕರಗಿಸುತ್ತದೆ. ದಯವಿಟ್ಟು ಇವತ್ತು ಗೀಸರ್ ಹಾಕಬೇಡಿ.

ಹಳೇ_ವೈರ್‌ಮನ್ · ಭಾನುವಾರ, ಬೆಳಿಗ್ಗೆ 10:18

ಮೇಷ್ಟ್ರು ಹೇಳಿದ್ದು ಸರಿ. ಮೇನ್ ಇಳಿಸಿ ಅಟ್ಟ ಹತ್ತಿ. ಟೇಪು ಕಪ್ಪಾಗಿರುವುದು, ಅಂಟು ಹರಿದಿರುವುದು ಹುಡುಕಿ. ಗೀಸರ್ ಪ್ಲಗ್ಗನ್ನೂ ಎಳೆದು ಪಿನ್ನಿನ ಬಣ್ಣ ನೋಡಿ. ಲೆಕ್ಕ ಅರ್ಧ ಹೇಳುತ್ತದೆ, ಮೂಗು ಉಳಿದರ್ಧ ಹೇಳುತ್ತದೆ.

ಹತ್ತನೇ_ಕ್ಲಾಸಮ್ಮ · ಭಾನುವಾರ, ಬೆಳಿಗ್ಗೆ 11:00

ನಡುವೆ ಬಾಯಿ ಹಾಕುತ್ತಿದ್ದೇನೆ, ಕ್ಷಮಿಸಿ. ನನ್ನ ಮಗ ಎಸ್ಸೆಸ್ಸೆಲ್ಸಿ. ಇದನ್ನು ಓದಿ ಅವನೂ ಹಳೇ 60 ವ್ಯಾಟ್ ಬಲ್ಬ್ ತೆಗೆದುಕೊಂಡು ಮಲ್ಟಿಮೀಟರಿನಲ್ಲಿ ಓಮ್ ನೋಡಿದ. 65 ಬಂತು. 230ರ ವರ್ಗ ಭಾಗಿಸು 65 ಅಂದರೆ 814 ವ್ಯಾಟ್! 60ರ ಬಲ್ಬ್ 814 ಹೇಗಾಗುತ್ತದೆ? ಪುಸ್ತಕ ತಪ್ಪಾ, ಮೀಟರ್ ತಪ್ಪಾ ಅಂತ ನನ್ನನ್ನು ಹಿಡಿದುಕೊಂಡಿದ್ದಾನೆ. ಇನ್ನೂ ಒಂದು, ಅವನ ಪುಸ್ತಕದಲ್ಲಿ ವಿಭವಾಂತರ, ರೋಧ, ಸಾಮರ್ಥ್ಯ ಅಂತೆಲ್ಲ ಇದೆ. ನೀವು ಹೇಳುವುದೂ ಅದೇ ತಾನೇ?

ಪಿಯು_ಮೇಷ್ಟ್ರು · ಭಾನುವಾರ, ಬೆಳಿಗ್ಗೆ 11:35

ಅದೇ ಅಮ್ಮ. ವಿಭವಾಂತರ ಅಂದರೆ ನಮ್ಮ ವೋಲ್ಟೇಜ್, ಸಾಮರ್ಥ್ಯ ಅಂದರೆ ಪವರ್. ಪರೀಕ್ಷೆಯಲ್ಲಿ ಪುಸ್ತಕದ ಮಾತು ಬರೆಯಲಿ, ಅಂಗಡಿಯಲ್ಲಿ ಅಂಗಡಿಯ ಮಾತು ಆಡಲಿ.

ಹುಡುಗ ಜಾಣ. ಪುಸ್ತಕವೂ ತಪ್ಪಲ್ಲ, ಮೀಟರೂ ತಪ್ಪಲ್ಲ. ಅವನು ಅಳೆದದ್ದು ತಣ್ಣಗಿನ ಬಲ್ಬನ್ನು. ಉರಿಯುವಾಗ ಅದರ ಟಂಗ್‌ಸ್ಟನ್ ತಂತಿ ಎರಡೂವರೆ ಸಾವಿರ ಡಿಗ್ರಿ ಆಸುಪಾಸಿಗೆ ಹೋಗುತ್ತದೆ. ಆಗ ರೋಧ 52,900 ÷ 60, ಅಂದರೆ ಸುಮಾರು 880 ಓಮ್. ಹದಿಮೂರು ಪಟ್ಟಿಗಿಂತ ಜಾಸ್ತಿ. ಸ್ವಿಚ್ ಹಾಕಿದ ಆ ಒಂದು ಕ್ಷಣ ಮಾತ್ರ ಅವನ 814 ನಿಜಕ್ಕೆ ಹತ್ತಿರ. ಆಗ ಮೂರೂವರೆ ಆಂಪ್ ನುಗ್ಗುತ್ತದೆ, ಆಮೇಲೆ ಕಾಲು ಆಂಪ್‌ಗೆ ಇಳಿಯುತ್ತದೆ. ಹಳೇ ಬಲ್ಬುಗಳು ಸ್ವಿಚ್ ಹಾಕಿದಾಗಲೇ "ಟಪ್" ಅನ್ನುತ್ತಿದ್ದದ್ದು ನೆನಪಿದೆಯಾ?

ಗೀಸರಿನ ಕಾಯಿಲ್ ನೈಕ್ರೋಮ್, ನಿಕ್ಕಲ್ ಮತ್ತು ಕ್ರೋಮಿಯಂ ಬೆರೆಸಿದ ಲೋಹ. ಅದರ ರೋಧ ಬಿಸಿಗೆ ಅಷ್ಟಾಗಿ ಏರುವುದಿಲ್ಲ. ಹಾಗಾಗಿ ತಣ್ಣಗಿದ್ದಾಗ ಅಳೆದರೂ ನಡೆಯುತ್ತದೆ.

ಇನ್ನೊಂದು ಮಾತು ಅವನಿಗೆ ಹೇಳಿ. ಪ್ರಯೋಗಾಲಯದಲ್ಲಿ 3 ವೋಲ್ಟ್, 150 ಮಿಲಿಆಂಪ್ ಅಂತ ಬಂದರೆ 3 ÷ 150 ಮಾಡಬಾರದು. 3 ÷ 0.15 = 20 ಓಮ್. ಪ್ರತಿ ವರ್ಷ ನನ್ನ ಕೆಂಪು ಶಾಯಿ ಖಾಲಿಯಾಗುವುದು ಈ ಮಿಲಿಯಿಂದಲೇ.

ಡಲ್ಲಾಸ್_ದೋಸೆ · ಭಾನುವಾರ, ಮಧ್ಯಾಹ್ನ 12:10

ನನ್ನದೊಂದು ಪೆದ್ದುತನ ಹೇಳುತ್ತೇನೆ. ಅಮೆರಿಕಕ್ಕೆ ಬರುವಾಗ ಅಮ್ಮ 1500 ವ್ಯಾಟ್ ವಾಟರ್ ಹೀಟರ್ ಕಡ್ಡಿ ಸೂಟ್‌ಕೇಸಿಗೆ ತುರುಕಿದ್ದರು. ಇಲ್ಲಿ 120 ವೋಲ್ಟ್. ಬಕೆಟ್ ನೀರು ಉಗುರು ಬೆಚ್ಚಗೂ ಆಗಲಿಲ್ಲ. ಈಗ ಲೆಕ್ಕ ಹಾಕಿದೆ. ಕಡ್ಡಿ 35.3 ಓಮ್. 120ರ ವರ್ಗ ಭಾಗಿಸು 35.3, ಬರೀ 408 ವ್ಯಾಟ್! ಇಲ್ಲಿನ 1500ರ ಕೆಟಲ್ ಊರಿಗೆ ತಂದರೆ?

ಹಳೇ_ವೈರ್‌ಮನ್ · ಭಾನುವಾರ, ಮಧ್ಯಾಹ್ನ 12:14

ತರಬೇಡಿ. ಅದು 9.6 ಓಮ್. ನಮ್ಮ 230ಕ್ಕೆ ಐದೂವರೆ ಸಾವಿರ ವ್ಯಾಟ್ ಎಳೆಯಲು ನೋಡುತ್ತದೆ. ಕಾಫಿಗೆ ಮುಂಚೆ ಹೊಗೆ.

ಐದು_ಎಚ್‌ಪಿ · ಭಾನುವಾರ, ಮಧ್ಯಾಹ್ನ 3:20

ಹಾವೇರಿ ಕಡೆಯವ ನಾನು. ನನ್ನ ಮೋಟಾರಿನ ಲೆಕ್ಕ ನಿಮ್ಮ ಗೀಸರಿಗೆ ಪೂರಾ ಉಲ್ಟಾ ಐತಿ ನೋಡ್ರಿ. 5 ಎಚ್‌ಪಿ ಸಬ್‌ಮರ್ಸಿಬಲ್, ಮೂರು ಫೇಸ್. ನಸುಕಿನಲ್ಲಿ 410 ವೋಲ್ಟ್, ಒಂದು ಫೇಸ್‌ಗೆ 9.5 ಆಂಪ್. ಹೊತ್ತು ಏರಿದ ಮೇಲೆ ಎಲ್ಲರ ಮೋಟಾರೂ ಶುರು ಆಗುತ್ತವೆ. ಆಗ 340 ವೋಲ್ಟ್, 11.5 ಆಂಪ್. ವೋಲ್ಟೇಜ್ ಇಳಿದರೆ ಕರೆಂಟು ಇಳಿಯುತ್ತದೆ ಅಂದ್ರಿ. ನನ್ನದು ಏರುತ್ತದೆ. ಹೋದ ಬೇಸಿಗೆಯಲ್ಲಿ ವೈಂಡಿಂಗ್ ಸುಟ್ಟು ದೊಡ್ಡ ಖರ್ಚಾತು. ಇದಕ್ಕೆ ಓಮ್ ಎಷ್ಟು ಅಂತ ಹಿಡಿಯಬೇಕು?

ಪಿಯು_ಮೇಷ್ಟ್ರು · ಭಾನುವಾರ, ಸಂಜೆ 4:45

ಅಣ್ಣಾ, ಈ ಚರ್ಚೆಯಲ್ಲೇ ಒಳ್ಳೆಯ ಪ್ರಶ್ನೆ ನಿಮ್ಮದು. ಮೋಟಾರಿಗೆ ವೋಲ್ಟ್ ಭಾಗಿಸು ಆಂಪ್ ಮಾಡಿ ಓಮ್ ಹಿಡಿಯುವುದೇ ತಪ್ಪು. ತಿರುಗುವ ಮೋಟಾರ್ ತಾನೇ ಒಂದು ಎದುರು ವೋಲ್ಟೇಜ್ ಹುಟ್ಟಿಸುತ್ತದೆ. ಕರೆಂಟನ್ನು ತಡೆಯುವುದು ಬಹುಪಾಲು ಅದು, ತಾಮ್ರದ ರೋಧ ಅಲ್ಲ. ಮೋಟಾರ್ ನಿಲ್ಲಿಸಿ ಮಲ್ಟಿಮೀಟರಿನಲ್ಲಿ ವೈಂಡಿಂಗ್ ಅಳೆದರೆ ಕೆಲವೇ ಓಮ್ ಬರುತ್ತದೆ. ಅದು ಮೂರು ಜೋಡಿಗೂ ಒಂದೇ ಸಮ ಇದೆಯಾ ಅಂತ ನೋಡಲು ಮಾತ್ರ ಉಪಯೋಗ.

ಪವರ್ ಲೆಕ್ಕವೂ ಬೇರೆ. ಮೂರು ಫೇಸ್‌ಗೆ 1.732 × ವೋಲ್ಟ್ × ಆಂಪ್ × ಪವರ್ ಫ್ಯಾಕ್ಟರ್. ಈ ಫ್ಯಾಕ್ಟರ್ ಅಂದರೆ ವೋಲ್ಟ್, ಆಂಪ್ ಗುಣಿಸಿದ್ದರಲ್ಲಿ ನಿಜವಾದ ಪವರ್ ಆಗುವ ಪಾಲು. 0.8 ಅಂತ ಹಿಡಿಯೋಣ. ನಸುಕಿನಲ್ಲಿ 1.732 × 410 × 9.5 × 0.8, ಅಂದರೆ ಸುಮಾರು 5400 ವ್ಯಾಟ್. ಮಧ್ಯಾಹ್ನ 1.732 × 340 × 11.5 × 0.8, ಅದೂ ಸುಮಾರು 5400!

ನೋಡಿದಿರಾ? ಗೀಸರ್ ಸಿಕ್ಕಷ್ಟು ತಿಂದು ಸುಮ್ಮನಿರುವ ಪೈಕಿ. ವೋಲ್ಟೇಜ್ ಕಡಿಮೆಯಾದರೆ ಕಡಿಮೆ ಕಾಯಿಸುತ್ತದೆ. ಮೋಟಾರ್ ಹಾಗಲ್ಲ. ನೀರು ಅಷ್ಟೇ ಆಳದಿಂದ ಎತ್ತಬೇಕು, ಕೆಲಸ ಕಡಿಮೆ ಆಗಿಲ್ಲ. ಹಾಗಾಗಿ ವೋಲ್ಟೇಜ್ ಕೊಡದಿದ್ದದ್ದನ್ನು ಕರೆಂಟಿನಲ್ಲಿ ವಸೂಲು ಮಾಡುತ್ತದೆ.

ಈಗ ಸುಟ್ಟದ್ದು ಯಾಕೆ ಅಂತ ನೋಡಿ. ವೈಂಡಿಂಗಿನಲ್ಲಿ ಹುಟ್ಟುವ ಬಿಸಿ ಕರೆಂಟಿನ ವರ್ಗ ಗುಣಿಸು ರೋಧ. 11.5 ÷ 9.5 = 1.21. ಅದರ ವರ್ಗ 1.46. ಕರೆಂಟು ಬರೀ 2 ಆಂಪ್ ಏರಿದ್ದಕ್ಕೆ ಒಳಗಿನ ಬಿಸಿ ಒಂದೂವರೆ ಪಟ್ಟು ಹತ್ತಿರ.

ಹಳೇ_ವೈರ್‌ಮನ್ · ಭಾನುವಾರ, ಸಂಜೆ 5:02

ಕರೆಂಟು ಮಿತಿ ಮೀರಿದರೆ ಮೋಟಾರ್ ನಿಲ್ಲಿಸುವ ರಿಲೇ ಸ್ಟಾರ್ಟರಿನಲ್ಲಿ ಇರುತ್ತದಲ್ಲ, ಅದನ್ನು ಎಷ್ಟು ಆಂಪ್‌ಗೆ ಇಟ್ಟಿದ್ದೀರಿ? ಟ್ರಿಪ್ ಆಗುತ್ತದೆ ಅಂತ ಯಾರೋ ಮೇಲಕ್ಕೆ ತಿರುಗಿಸಿ ಇಟ್ಟಿರುತ್ತಾರೆ. ಹತ್ತರಲ್ಲಿ ಎಂಟು ಕಡೆ ನಾನು ನೋಡಿದ್ದು ಅದೇ. ಮೋಟಾರಿನ ಪ್ಲೇಟ್ ಮೇಲೆ ಬರೆದ ಆಂಪ್‌ಗೆ ಇಡಿ.

ಐದು_ಎಚ್‌ಪಿ · ಭಾನುವಾರ, ಸಂಜೆ 5:30

ತಿರುಗಿಸಿದವ ನಾನೇ ರೀ.

ತೋಟದಮನೆ · ಭಾನುವಾರ, ರಾತ್ರಿ 9:15

ಸಿಕ್ಕಿತು! ಅಟ್ಟದ ಮೇಲೆ, ಹಳೇ ಅಡಿಕೆ ಚೀಲಗಳ ಹಿಂದೆ. ಎರಡು ವೈರ್ ತುದಿ ಸುಮ್ಮನೆ ಕೈಯಲ್ಲಿ ಹೊಸೆದು ಟೇಪು ಸುತ್ತಿದ್ದಾರೆ. ಟೇಪು ಕರಗಿ ಬೆಲ್ಲದ ಪಾಕದ ಹಾಗೆ ಜೋತು ಬಿದ್ದು ಗಟ್ಟಿಯಾಗಿದೆ. ಒಳಗೆ ತಾಮ್ರ ಕಪ್ಪಗಾಗಿ, ಮುಟ್ಟಿದರೆ ಪುಡಿ. ಒಂದು ಗೇಣು ಆಚೆ ಗೋಣಿಚೀಲ ಇತ್ತು. ಅದನ್ನು ನೋಡಿ ಮೈ ಜುಮ್ಮೆಂದಿತು.

ಪ್ಲಗ್ ಕೂಡ ಎಳೆದು ನೋಡಿದೆ. ಒಂದು ಪಿನ್ ಹಿತ್ತಾಳೆ ಬಣ್ಣ, ಇನ್ನೊಂದು ಸುಟ್ಟ ಕಾಫಿ ಬೀಜದ ಬಣ್ಣ. ಪಿನ್ ಸುತ್ತಲಿನ ಪ್ಲಾಸ್ಟಿಕ್ ಉಬ್ಬಿದೆ.

ಪ್ಲಗ್ ಕೈಯಲ್ಲಿದ್ದಾಗಲೇ ಪಿನ್ನುಗಳ ನಡುವೆ ಓಮ್ ನೋಡಿದೆ. 26.9. ಕಡ್ಡಿ ಎರಡನ್ನೂ ಒಂದಕ್ಕೊಂದು ತಾಗಿಸಿದರೆ ಮೀಟರಿನಲ್ಲಿ 0.5 ತೋರಿಸುತ್ತದೆ. ಅದನ್ನು ಕಳೆಯಬೇಕಾ?

ಪಿಯು_ಮೇಷ್ಟ್ರು · ಭಾನುವಾರ, ರಾತ್ರಿ 9:50

ಕಳೆಯಬೇಕು. ಅದು ಕಡ್ಡಿ ವೈರಿನದೇ ರೋಧ. 26.4 ನಿಮ್ಮ ಕಾಯಿಲ್. ಬೋರ್ಡಿನಲ್ಲಿ ಅಳೆದು ಲೆಕ್ಕ ಹಾಕಿದ್ದು 26.8. ನಡುವಿನ 0.4 ಓಮ್ ಪ್ಲಗ್ಗಿನದೋ, ಕಾಯಿಲ್ ಬಿಸಿಯಾಗಿ ಚೂರು ಏರಿದ್ದೋ ಅಂತ ಲೆಕ್ಕದಿಂದ ಹೇಳಲು ಬರುವುದಿಲ್ಲ. ನಾನು ಕಾಯಿಲ್ ಬಿಸಿ ಅಂತ ಅಂದುಕೊಂಡು ಬಿಟ್ಟುಬಿಡುತ್ತಿದ್ದೆ. ಆದರೆ ಪಿನ್ನಿನ ಬಣ್ಣ ಕೇಳಿದ ಮೇಲೆ ಪ್ಲಗ್ ಅನ್ನುತ್ತೇನೆ. 7.6ರ ವರ್ಗ ಗುಣಿಸು 0.4, ಅಂದರೆ 23 ವ್ಯಾಟ್. ಅದೂ ಸಾಲ್ಡರಿಂಗ್ ಐರನ್ನೇ.

ತೋಟದಮನೆ · ಭಾನುವಾರ, ರಾತ್ರಿ 10:05

ಇನ್ನೊಂದು ಹೇಳಲು ಮರೆತೆ. ನಿನ್ನೆ ಮಧ್ಯಾಹ್ನ ಮಗಳು ಕರೆಂಟ್ ಮೀಟರಿನ ಮುಂದೆ ಕೂತಿದ್ದಳು. ಅದರಲ್ಲಿ ಕೆಂಪು ದೀಪ ಮಿನುಗುತ್ತದಲ್ಲ, ಪಕ್ಕದಲ್ಲಿ ಒಂದು ಯೂನಿಟ್‌ಗೆ 3200 ಮಿನುಗು ಅಂತ ಬರೆದಿದೆ. ಗೀಸರ್ ಒಂದೇ ಆನ್ ಇದ್ದಾಗ 20 ಮಿನುಗಿಗೆ 13.5 ಸೆಕೆಂಡು ಅಂತ ಎಣಿಸಿದ್ದಾಳೆ. ಇದರಿಂದ ಏನಾದರೂ ಸಿಗುತ್ತದಾ?

ಪಿಯು_ಮೇಷ್ಟ್ರು · ಭಾನುವಾರ, ರಾತ್ರಿ 10:30

ಏನಾದರೂ ಅಲ್ಲ, ಎಲ್ಲ ಸಿಗುತ್ತದೆ. ಒಂದು ಯೂನಿಟ್ ಅಂದರೆ 36 ಲಕ್ಷ ಜೂಲ್. 3200ರಿಂದ ಭಾಗಿಸಿದರೆ ಒಂದು ಮಿನುಗಿಗೆ 1125 ಜೂಲ್. 20 ಮಿನುಗು 22,500 ಜೂಲ್. 13.5 ಸೆಕೆಂಡಿನಿಂದ ಭಾಗಿಸಿದರೆ 1667 ವ್ಯಾಟ್.

ಈಗ ನಿಮ್ಮ ಅಳತೆ ನೋಡಿ. ಮೇನ್ ಹತ್ತಿರ 219 × 7.6 = 1664. ವೋಲ್ಟೂ ಇಲ್ಲ, ಆಂಪೂ ಇಲ್ಲ, ಬರೀ ಕಣ್ಣು ಮತ್ತು ಗಡಿಯಾರ. 3 ವ್ಯಾಟ್ ವ್ಯತ್ಯಾಸ! ನಿಮ್ಮ ಮಗಳನ್ನು ನಮ್ಮ ಕಾಲೇಜಿಗೆ ಕಳಿಸಿ. ಬಚ್ಚಲ ಬೋರ್ಡಿಗೆ ತಲುಪಿದ್ದು 1550. ನಡುವಿನ 114 ವ್ಯಾಟ್‌ಗೆ ನೀವು ದುಡ್ಡು ಕೊಡುತ್ತಿದ್ದೀರಿ. ದುಡ್ಡು ದೊಡ್ಡದಲ್ಲ. ದಿನಕ್ಕೆ ಒಂದು ಗಂಟೆ ಹಾಕಿದರೂ ತಿಂಗಳಿಗೆ ಮೂರೂವರೆ ಯೂನಿಟ್. ಗೋಣಿಚೀಲದ್ದೇ ದೊಡ್ಡದು.

ಈ ಕಾರಣಕ್ಕೇ ದೂರ ಸಾಗಿಸುವಾಗ ವೋಲ್ಟೇಜ್ ಏರಿಸುತ್ತಾರೆ. 1902ರಲ್ಲಿ ಶಿವನಸಮುದ್ರದಿಂದ ಕೋಲಾರದ ಚಿನ್ನದ ಗಣಿಗೆ ಸುಮಾರು 147 ಕಿಲೋಮೀಟರ್ ತಂತಿ ಎಳೆದು ಕರೆಂಟು ಕೊಟ್ಟರು. ಬೆಂಗಳೂರಿನ ಬೀದಿದೀಪ ಆಮೇಲೆ, 1905ರಲ್ಲಿ. ಆ ದೂರಕ್ಕೆ ಮನೆ ವೋಲ್ಟೇಜಿನಲ್ಲಿ ಕಳಿಸಿದ್ದರೆ ಗಣಿಗೆ ಏನೂ ತಲುಪುತ್ತಿರಲಿಲ್ಲ, ದಾರಿಯಲ್ಲಿ ತಂತಿ ಕಾಯುತ್ತಿತ್ತು ಅಷ್ಟೇ. ವೋಲ್ಟೇಜ್ ನೂರು ಪಟ್ಟು ಏರಿಸಿದರೆ ಅದೇ ಪವರಿಗೆ ಕರೆಂಟು ನೂರರಲ್ಲಿ ಒಂದು ಪಾಲು. ತಂತಿಯ ನಷ್ಟ ಹತ್ತು ಸಾವಿರದಲ್ಲಿ ಒಂದು ಪಾಲು.

ಸುಮ್ನೆ_ಓದುವವ · ಭಾನುವಾರ, ರಾತ್ರಿ 10:41

ನಮ್ಮೂರಿನ ಹೆಸರು ಬಂತು, ಖುಷಿಯಾಯಿತು. ಮೀಟರ್ ಕೆಟ್ಟಿದೆ ಅಂದದ್ದು ವಾಪಸ್ ತಗೊಂಡೆ.

ತೋಟದಮನೆ · ಮುಂದಿನ ಶನಿವಾರ, ಸಂಜೆ 7:50

ಕೆಲಸ ಮುಗಿಯಿತು. ಬೇರೆ ವೈರ್‌ಮನ್ ಬಂದರು. ಮೇನ್‌ನಿಂದ ಬಚ್ಚಲಿಗೆ 4 ಸ್ಕ್ವೇರ್ ಎಂಎಂ ವೈರ್, ನಡುವೆ ಒಂದೂ ಜಾಯಿಂಟಿಲ್ಲ. ಹೊಸ 16 ಆಂಪ್ ಸಾಕೆಟ್, ಹೊಸ ಪ್ಲಗ್, ಅರ್ಥ್ ಸರಿ ಮಾಡಿಸಿ, ಕರೆಂಟು ಸೋರಿದರೆ ತಾನೇ ಕಡಿಯುವ ಆರ್‌ಸಿಸಿಬಿ ಸ್ವಿಚ್ ಕೂಡ ಹಾಕಿಸಿದೆ. ಕಾಯಿಲ್ ಅದೇ ಹಳೇದು.

ಗೀಸರ್ ಆನ್ ಇದ್ದಾಗ ಬೋರ್ಡಿನಲ್ಲಿ 216 ವೋಲ್ಟ್, 8.2 ಆಂಪ್. ಭಾಗಿಸಿದರೆ 26.3 ಓಮ್, ಗುಣಿಸಿದರೆ 1771 ವ್ಯಾಟ್. ಇವತ್ತು ಬೆಳಿಗ್ಗೆ 33 ನಿಮಿಷಕ್ಕೆ ದೀಪ ಆರಿತು. ಸುಟ್ಟ ಪ್ಲಗ್ಗನ್ನು ಮಗಳು ಮೇಜಿನ ಮೇಲೆ ಇಟ್ಟುಕೊಂಡಿದ್ದಾಳೆ, ಎಸೆಯಲು ಬಿಡುತ್ತಿಲ್ಲ.

ಈಗ ಅವಳಿಗೆ ಮೀಟರ್ ಎಣಿಸುವ ಹುಚ್ಚು. ಸಂಜೆ ಎಲ್ಲ ಆಫ್ ಮಾಡಿಸಿ, ನಮ್ಮನ್ನೆಲ್ಲ ಕತ್ತಲಲ್ಲಿ ಕೂರಿಸಿದ್ದಳು. ಆದರೂ ಮೀಟರ್ 29 ಸೆಕೆಂಡಿಗೊಮ್ಮೆ ಮಿನುಗುತ್ತಿದೆ ಅಂತಾಳೆ. 1125 ÷ 29, ಸುಮಾರು 39 ವ್ಯಾಟ್. ಫ್ರಿಜ್, ಟಿವಿ, ವೈಫೈ ಎಲ್ಲ ಪ್ಲಗ್ ಕಿತ್ತಿದ್ದೇವೆ. ಮತ್ತೆ ಎಲ್ಲೋ ಜಾಯಿಂಟು ಸುಡುತ್ತಿದೆಯಾ?

ಹಳೇ_ವೈರ್‌ಮನ್ · ಮುಂದಿನ ಶನಿವಾರ, ರಾತ್ರಿ 8:04

ಲೋಡೇ ಇಲ್ಲದೆ ಜಾಯಿಂಟು ಸುಡುವುದಿಲ್ಲ. ಕರೆಂಟು ಹರಿದರೆ ತಾನೇ ಬಿಸಿ. ಕೊಟ್ಟಿಗೆಯಲ್ಲಿ ನೋಡಿದ್ರಾ?

ತೋಟದಮನೆ · ಮುಂದಿನ ಶನಿವಾರ, ರಾತ್ರಿ 8:11

ಹಳೇ ಕಾಲದ 40 ವ್ಯಾಟ್ ಬಲ್ಬ್. ಉರಿಯುತ್ತಿತ್ತು. ಕರುವಿಗೆ ಚಳಿ ಅಂತ ಅಮ್ಮ ಹಾಕಿಟ್ಟಿದ್ದರಂತೆ. ಆರಿಸಲು ಬಿಡಲಿಲ್ಲ.